ಕಂಬದ ಹಿಂದಿನ ಅಕ್ಷತೆ

“ಆಯಮ್ಮನ ಫೋಟೋ ತೆಗೀಬ್ಯಾಡ್ರಿ. ಮದ್ವಿ ಆಲ್ಬಮ್ಮಿನಾಗ ಗಂಡ ಸತ್ತೋಳ ಮುಖ ಯಾಕ?” ಹರಿಹರದ ಛತ್ರದಲ್ಲಿ ವಧುವಿನ ದೊಡ್ಡಪ್ಪ ನನ್ನನ್ನು ಗದರಿದ. ‘ಆಯಮ್ಮ’ ಎಂದರೆ ವಧುವನ್ನು ಹೆತ್ತವಳು. ವಿಧವೆಯೆಂದು ಆಕೆಯನ್ನು ಮಂಟಪದಿಂದ ದೂರ, ಕಂಬದ ಹಿಂದೆ ನಿಲ್ಲಿಸಿದ್ದರು.

ಎಂಬತ್ತರ ದಶಕದ ಮಾತು. ದಾವಣಗೆರೆಯಲ್ಲಿ ನನ್ನದು ಸ್ಟುಡಿಯೋ. ಕೈಯಲ್ಲಿ ಹೊಸ ಜೂಮ್ ಲೆನ್ಸ್ ಇತ್ತು. ನಿಂತಲ್ಲಿಂದಲೇ ದೂರದ ಮುಖವನ್ನು ಹತ್ತಿರ ತರುತ್ತದೆ, ಆದರೆ ಬೆಳಕು ಸಾಲದಿದ್ದರೆ ಚಿತ್ರ ಅಲ್ಲಾಡುತ್ತದೆ. ತಾಳಿ ಕಟ್ಟಿದ್ದೇ ತಡ, ಸಿಟ್ಟಿನಲ್ಲಿ ಅದನ್ನು ಕಂಬದತ್ತ ತಿರುಗಿಸಿದೆ. ತಾಯಿ ಅಲ್ಲಿಂದಲೇ ಅಕ್ಷತೆ ಎರಚುತ್ತಿದ್ದರು.

ಚಿತ್ರ ಮಸುಕಾಗಿ ಬಂತು. “ಮಸುಕಾದ್ರೂ ಇರ್ಲಿ, ಅವ್ವಂದು ದೊಡ್ಡದು ಮಾಡಿಕೊಡ್ರಿ” ಎಂದಳು ಮಗಳು.

ಮಂಟಪದ ದೀಪದಡಿ ನಿಂತಿದ್ದ ದೊಡ್ಡಪ್ಪ ಮಾತ್ರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಬಂದಿದ್ದ. ಆ ನೆಗೆಟಿವ್ ಕಂಡರೆ ಇವತ್ತಿಗೂ ಮೈ ಉರಿಯುತ್ತದೆ.