ಹುಂಜವಿಲ್ಲದ ಹಿತ್ತಲು

ನನ್ನ ಹೆಂಡತಿ ತತ್ತಿ ತಿನ್ನಲು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಅದರಲ್ಲಿ ಜೀವ ಇರಬಾರದು.

ಅವಳು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದ್ದಾಯಿತು. ಶಿಗ್ಗಾಂವಿಯ ಮನೆಗೆ ಬಂದು ತಿಂಗಳುಗಳು ಕಳೆದರೂ ಕಾಲೂರಿ ನಿಲ್ಲುವ ಶಕ್ತಿ ಬರಲಿಲ್ಲ. ಎಲುಬು ಸರಿಯಾಗಿ ಕೂಡಿದೆ, ಮೈಯೇ ಸೊರಗಿದೆ ಎಂದರು ಡಾಕ್ಟರು. "ದಿನಾ ತತ್ತಿ ತಿನ್ರಿ ಅಮ್ಮಾರ. ಇಲ್ಲಂದ್ರ ಈ ವಾಕರ್ ನಿಮ್ಮ ಕೈ ಬಿಡೂದಿಲ್ಲ ನೋಡ್ರಿ."

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ತತ್ತಿ ನಮ್ಮ ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ. ಅವಳು ಕೆಲವು ದಿನ ಗೋಡೆ ನೋಡುತ್ತ ಮಲಗಿದಳು. ಆಮೇಲೆ ಒಂದು ಮುಂಜಾನೆ ಕರಾರು ಹೇಳಿದಳು. ಫಾರಮ್ಮಿನ ತತ್ತಿಯಲ್ಲಿ ಜೀವ ಇರುವುದಿಲ್ಲ, ಅಲ್ಲಿ ಹುಂಜವನ್ನೇ ಬಿಡುವುದಿಲ್ಲ ಎಂದು ನಾನು ತಿಳಿಸಿ ಹೇಳಿದೆ.

"ಅಂಗಡಿ ತತ್ತಿ ಇಟ್ಟ ಕೋಳಿ ಯಾರ ಸಂಗಾತ ತಿರಗ್ಯಾಡಿತ್ತಂತ ನೀವೇನ ಕಂಡೀರೇನು?" ಎಂದಳು. "ಕಣ್ಣಮುಂದ ಬೆಳದದ್ದಿರಬೇಕು. ಹಿತ್ತಲದಾಗ ಹುಂಜ ಕಾಲ ಇಡಬಾರದು. ಹಂಗಿದ್ರ ಔಷಧ ಅಂತ ತಿಳದು ನುಂಗತೇನಿ."

ಇಂಥ ಕೆಲಸ ನನಗೆ ಕಷ್ಟವೆನಿಸಲಿಲ್ಲ. ನಾನು ಓದಿದ್ದು ಮಠದ ಪ್ರಸಾದ ನಿಲಯದಲ್ಲಿ. ಏಳುವುದಕ್ಕೆ, ಮೀಯುವುದಕ್ಕೆ, ಓದುವುದಕ್ಕೆ, ಉಣ್ಣುವುದಕ್ಕೆ ಅಲ್ಲಿ ಗಂಟೆ ಬಾರಿಸುತ್ತಿದ್ದರು. ಆಮೇಲೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಬಸ್ಸುಗಳು ಬರುವ ಹೋಗುವ ಹೊತ್ತನ್ನು ಕಾಯುತ್ತ ನೌಕರಿ ಮುಗಿಸಿದೆ. ಬಸ್ಸು ತಡವಾದರೆ ಅದಕ್ಕೊಂದು ಕಾರಣವಿರುತ್ತದೆ, ಕಾರಣ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ ಎಂದು ನಂಬಿದವನು ನಾನು. ಕೋಳಿಗಳ ವಿಷಯವೂ ಹಾಗೇ ಇರುತ್ತದೆ ಎಂದುಕೊಂಡೆ.

ದುಂಡಸಿಯಲ್ಲಿ ನನ್ನ ಕಾಲದ ಡ್ರೈವರ್ ಒಬ್ಬ ಈಗ ಹೊಲ ಮಾಡಿಕೊಂಡಿದ್ದಾನೆ. ಅವನ ಮನೆಯಿಂದ ನಾಲ್ಕು ಜವಾರಿ ಹೇಂಟೆಗಳನ್ನು ಆರಿಸಿಕೊಂಡೆ. ಇನ್ನೂ ತತ್ತಿ ಇಡಲು ಶುರು ಮಾಡದ ಎಳೆಯ ಹೇಂಟೆಗಳು. ಬುಟ್ಟಿಗೆ ಬಲೆ ಕಟ್ಟಿ ಬಸ್ಸಿನಲ್ಲಿ ಕುಳಿತೆ. ಕಂಡಕ್ಟರ್ ನನ್ನನ್ನು ಗುರುತು ಹಿಡಿದ.

"ಏನ್ರಿ ಸಾಹೇಬ್ರ, ಇವಕ್ಕೂ ಟಿಕೆಟ್ ಹರೀಲೇನು?"

"ನಿಯಮ ಹೆಂಗೈತಿ ಹಂಗ ಹರಿ."

"ಹರೀತೇನ್ರಿ. ಆದರ ಹಿರೇರ ರಿಯಾಯ್ತಿ ನಿಮಗಷ್ಟ. ಕೋಳಿಗಿಲ್ಲ ಮತ್ತ."

ಬಸ್ಸಿನ ತುಂಬ ನಗೆ. ನಾನೂ ನಕ್ಕೆ, ಟಿಕೆಟ್ಟುಗಳನ್ನು ಕಿಸೆಯಲ್ಲಿಟ್ಟುಕೊಂಡೆ.

ಹಿತ್ತಲ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಹಳೆಯ ತಗಡು ಮತ್ತು ಹಲಗೆಗಳಿಂದ ಗೂಡು ಮಾಡಿದೆ. ಹೆಂಡತಿಯ ಮಂಚ ಹಿತ್ತಲ ಕಿಟಕಿಗೆ ಹೊಂದಿಕೊಂಡಿತ್ತು. ಅಲ್ಲಿಂದ ಅವಳು ಕೋಳಿಗಳನ್ನು ನೋಡುತ್ತ ಒಂದೊಂದಕ್ಕೂ ಊರಿನ ಹೆಸರಿಟ್ಟಳು. ಬಿಳಿ ಚುಕ್ಕೆಯದು ಹಾನಗಲ್, ಕರಿಯದು ಸವಣೂರು, ಬೂದು ಬಣ್ಣದ್ದು ಬಂಕಾಪುರ, ಕೆಂಪನೆಯ ದಪ್ಪ ಹೇಂಟೆ ಹಿರೇಕೆರೂರು. "ನಿಮಗ ಬಸ್ಸಿನ ಬೋರ್ಡ ಇಲ್ಲಂದ್ರ ಗುರುತು ಹತ್ತೂದಿಲ್ಲಲ್ಲ" ಎಂಬುದು ಅವಳ ಸಮಜಾಯಿಷಿ.

ತತ್ತಿ ಬರತೊಡಗಿದ ಮೇಲೆ ದಿನಚರಿಯೂ ಗಟ್ಟಿಯಾಯಿತು. ಲಿಂಗಪೂಜೆ ಆದ ಬಾಯಿಗೆ ತತ್ತಿ ತಾಗಬಾರದು. ಆದ್ದರಿಂದ ಏಳುತ್ತಲೇ ತತ್ತಿ, ಆಮೇಲೆ ಬಾಯಿ ಮುಕ್ಕಳಿಸುವುದು, ಆಮೇಲೆ ಸ್ನಾನ, ಆಮೇಲೆ ಪೂಜೆ. ಒಲೆಯೂ ಬೇರೆ, ಬೋಗುಣಿಯೂ ಬೇರೆ, ಎರಡೂ ಹಿತ್ತಲಲ್ಲಿ. ಕುದಿಸುವವನು ನಾನು. ಎಷ್ಟು ಹೊತ್ತು ಕುದಿಸಬೇಕೆಂದು ತಿಳಿಯದೆ ಮೊದಲನೆಯದನ್ನು ಒಡೆದೇ ಹಾಕಿದೆ. ಅವಳು ಕಣ್ಣು ಮುಚ್ಚಿ, ಉಪ್ಪು ಖಾರ ಹಚ್ಚಿದ ತುಂಡುಗಳನ್ನು ಗುಳಿಗೆಯಂತೆ ನೀರಿನ ಜೊತೆ ನುಂಗುತ್ತಿದ್ದಳು. ಕೆಲವು ವಾರಗಳಲ್ಲಿ ಅವಳ ಕೆನ್ನೆಯ ಗುಳಿ ತುಂಬಿತು. ವಾಕರ್ ಹಿಡಿದು ಎದ್ದು ನಿಲ್ಲತೊಡಗಿದಳು. ಹೀಗೇ ನಡೆದರೆ ಎದ್ದು ಓಡಾಡುತ್ತಾಳೆ ಎಂಬ ಧೈರ್ಯ ನನಗೆ ಬಂತು.

ಪಕ್ಕದ ಮನೆಯವರು ಸವಣೂರಿನ ಕಡೆಯ ಮುಸಲ್ಮಾನರು. ಗಂಡನದು ಹೆದ್ದಾರಿಯ ಬದಿಗೆ ಗಾಡಿಯ ಸೀಟು ಹೊಲಿಯುವ ಅಂಗಡಿ. ಹೆಂಡತಿ ಮನೆಯಲ್ಲಿ ಕೋಳಿ ಸಾಕಿದ್ದಾಳೆ. ಅವರ ಹುಂಜ ನಮ್ಮ ಗೋಡೆಯ ಮೇಲೆ ನಿಂತು ಕೂಗುವುದನ್ನು ನೋಡಿ ನಾನು ಗೋಡೆಯುದ್ದಕ್ಕೂ ಬಲೆ ಕಟ್ಟಿದ್ದೆ, ಕೈಯಳತೆಯಲ್ಲಿ ಒಂದು ಕೋಲನ್ನೂ ಇಟ್ಟಿದ್ದೆ. ಮುಂಜಾನೆ ಸಂಜೆ ಕಾವಲು ಕಾಯುತ್ತಿದ್ದೆ.

ಹೀಗಿರುವಾಗ ಹಿರೇಕೆರೂರು ಗೂಡು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿತು. ತತ್ತಿಯೂ ಇಲ್ಲ, ಮೇವೂ ಇಲ್ಲ. ಕೈ ಹಾಕಿದರೆ ಮೈಯುಬ್ಬಿಸಿ ಕುಟುಕುತ್ತಿತ್ತು. ಏನೋ ಬೇನೆ ಬಂದಿದೆ ಎಂದು ಬೆಳ್ಳುಳ್ಳಿ ಜಜ್ಜಿ ನೀರಿಗೆ ಹಾಕಿದೆ. ಹೆಂಡತಿ ಕಿಟಕಿಯಿಂದಲೇ, "ಹಿರೇಕೆರೂರು ಬಂದು ನಿಂತೈತಿ, ಹೊಂಡವಲ್ದು. ಟೈರ್ ನೋಡ್ರಿ ಒಮ್ಮೆ" ಎಂದು ನಗೆಯಾಡಿದಳು.

ಅಷ್ಟರಲ್ಲಿ ಪಕ್ಕದ ಮನೆಯವಳು ಗೋಡೆಯಾಚೆಯಿಂದ ಇಣುಕಿದಳು. "ಕಾಕಾರ, ಅದಕ್ಕ ಬ್ಯಾನಿ ಇಲ್ರಿ. ಕಾವಿಗೆ ಕುಂತೈತಿ. ತತ್ತಿ ಇಡ್ರಿ ಕೆಳಗ. ಮರಿ ಮಾಡತೈತಿ."

"ಮರಿ ಹೆಂಗ ಮಾಡತೈತಿ ತಂಗಿ? ನಮ್ಮಲ್ಲಿ ಹುಂಜ ಇಲ್ಲಲ್ಲ."

ಅವಳು ಸೆರಗು ಬಾಯಿಗೊತ್ತಿಕೊಂಡಳು. "ಮತ್ತ ನಮ್ಮ ಹುಂಜ ದಿನಾ ನಿಮ್ಮ ಹಿತ್ತಲಕ್ಕ ಪುರಾಣ ಹೇಳಾಕ ಬರ್ತೈತೇನ್ರಿ?"

"ನಾನು ಬಲೆ ಕಟ್ಟೇನಿ!"

"ಒಗಿಯೂ ಕಲ್ಲಿನ ಹಿಂದ, ಗೂಡಿನ ಆಚೆ ಬಲೆ ಸರದೈತ್ರಿ. ನೀವು ಮಧ್ಯಾಹ್ನ ಮಲಗಿದ್ದ ತಡ, ಇದು ಹಾರಿ ಬಂದಬಿಡತೈತಿ. ನೀವು ಏಳೂದರಾಗ ಹೊಳ್ಳಿ ಬಂದಿರತೈತಿ. ನಿಮ್ಮಂಗ ಟೈಮ್ ಭಾಳ ಪಾಲಸತೈತ್ರಿ."

ನಾನು ಕಲ್ಲಿನ ಹಿಂದೆ ಹೋಗಿ ನೋಡಿದೆ. ಬಲೆ ಸರಿದಿತ್ತು. ಉಂಡ ಮೇಲೆ ಒಂದು ತಾಸು ಮಲಗುವುದು ನೌಕರಿ ಮುಗಿದಾಗಿನಿಂದ ನನ್ನ ಪದ್ಧತಿ. ಹೆಂಡತಿಯೂ ಆಗ ನಿದ್ದೆ ಮಾಡುತ್ತಾಳೆ. ಅಷ್ಟು ಅಚ್ಚುಕಟ್ಟಾಗಿ ಬದುಕಿರದಿದ್ದರೆ ಆ ಹುಂಜಕ್ಕೆ ಇಷ್ಟು ಅನುಕೂಲ ಆಗುತ್ತಿರಲಿಲ್ಲ. ಇದಕ್ಕೆ ಯಾರನ್ನು ಬಯ್ಯಬೇಕೆಂದು ತಿಳಿಯದೆ ಕೈಯಲ್ಲಿ ಕೋಲು ಹಿಡಿದು ನಿಂತೆ. ಕಿಟಕಿಯ ಕಡೆ ನೋಡಿದರೆ ಹೆಂಡತಿಯ ಮುಖದಲ್ಲಿ ನಗೆ ಇರಲಿಲ್ಲ. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ತಟ್ಟೆಯನ್ನು ದೂರ ಸರಿಸಿದಳು.

"ಮೊನ್ನಿ ಇಟ್ಟ ತತ್ತಿಯೊಳಗ ಜೀವ ಇರತೈತೇನ್ರಿ?" ಎಂದು ಕೇಳಿದಳು.

"ಕಾವು ಕೊಟ್ಟರ ಬರತೈತಿ. ಕೊಡದಿದ್ರ ಇಲ್ಲ."

"ಇರಲಾರದ್ದು ಕಾವು ಕೊಟ್ಟರ ಎಲ್ಲಿಂದ ಬರತೈತಿ?"

ಬಿತ್ತದ ಕಡಲೆಯಲ್ಲಿ ಗಿಡ ಇರುತ್ತದೋ ಇಲ್ಲವೋ, ನಾವು ಕಡಲೆ ತಿನ್ನುವುದಿಲ್ಲವೇ ಎಂದು ವಾದ ಹೂಡಿದೆ. ಕಡಲೆ ಕುಟುಕುವುದಿಲ್ಲ ಎಂದಳು. ಅದು ಉತ್ತರವಲ್ಲ ಎನಿಸಿತು. ಆದರೆ ಯಾಕಲ್ಲ ಎಂದು ಹೇಳಲಾಗಲಿಲ್ಲ.

ಕೊನೆಗೆ ಅವಳೇ ತೀರ್ಮಾನ ಮಾಡಿದಳು. "ಈ ವಾರದ ತತ್ತಿ ಎಲ್ಲಾ ಅದರ ಕೆಳಗ ಇಡ್ರಿ. ಮರಿ ಬಂದ್ರ ನಾ ತಿಂದದ್ದು ಜೀವ. ಬರಲಿಲ್ಲಂದ್ರ ಹೊಳ್ಳಿ ತಿಂತೇನಿ. ಅಲ್ಲೀತನಕ ಬ್ಯಾಡ."

ಕಾವಿಗೆ ಮೂರು ವಾರ ಬೇಕು. ಅಷ್ಟು ದಿನ ತತ್ತಿ ಬಿಟ್ಟರೆ ತುಂಬಿದ ಕೆನ್ನೆ ಮತ್ತೆ ಇಳಿಯುತ್ತದೆ, ನಿಂತ ಕಾಲು ಮತ್ತೆ ಮಡಚುತ್ತದೆ ಎಂದು ನನಗೆ ಭಯ. ಬೋಗುಣಿಯಲ್ಲಿ ತತ್ತಿಗಳನ್ನು ತುಂಬಿಕೊಂಡು ಗೂಡಿನ ಮುಂದೆ ಬಂದೆ. ಪಕ್ಕದಲ್ಲೇ ಒಲೆ. ಇವನ್ನು ಒಮ್ಮೆ ಕುದಿಸಿ ಇಟ್ಟರೆ ಎಂದೂ ಮರಿ ಬರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ, ಅವಳು ಮತ್ತೆ ತಿನ್ನುತ್ತಾಳೆ, ನಡೆಯುತ್ತಾಳೆ. ಬೆಂಕಿಪೆಟ್ಟಿಗೆಯನ್ನು ಕೈಗೆತ್ತಿಕೊಂಡಿದ್ದೂ ಉಂಟು. ಹೆಂಡತಿಯ ಒಳ್ಳೆಯದಕ್ಕೆ ಒಂದು ಸುಳ್ಳು ಹೇಳಬಹುದು ಎಂದು ಮನಸ್ಸು ಒಪ್ಪಿತ್ತು. ಆದರೆ ಹಿರೇಕೆರೂರು ರೆಕ್ಕೆ ಅಗಲಿಸಿ ಕುಳಿತ ರೀತಿಯನ್ನು ನೋಡಿ, ಬೆಂದ ತತ್ತಿಗಳ ಮೇಲೆ ಇದನ್ನು ಮೂರು ವಾರ ಅನ್ನ ನೀರು ಬಿಡಿಸಿ ಕೂರಿಸುವುದಕ್ಕೆ ಮನಸ್ಸು ಬರಲಿಲ್ಲ. ಹೆಂಡತಿಗಿಂತ ಕೋಳಿಯ ಮರ್ಯಾದೆ ಹೆಚ್ಚಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಹಸಿ ತತ್ತಿಗಳನ್ನೇ ಇಟ್ಟೆ.

ಆ ದಿನಗಳಲ್ಲಿ ನಾನು ಏನನ್ನು ಬಯಸುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಹಿರೇಕೆರೂರಿಗೆ ಹೊತ್ತಿಗೆ ಸರಿಯಾಗಿ ಕಾಳು ನೀರು ಇಡುವವನೂ ನಾನೇ, ಅದರ ಕೆಳಗಿನವು ಕೊಳೆಯಲಿ ಎಂದು ಹಾರೈಸುವವನೂ ನಾನೇ. ಬೆಕ್ಕು ಬಂದರೆ ಓಡಿಸುತ್ತಿದ್ದೆ. ಓಡಿಸಿದ ಮೇಲೆ ಯಾಕೆ ಓಡಿಸಿದೆ ಎಂದು ಯೋಚಿಸುತ್ತಿದ್ದೆ.

ಪಕ್ಕದ ಮನೆಯವಳು ಒಂದು ಸಂಜೆ ಮೊಬೈಲಿನ ಟಾರ್ಚ್ ಹಚ್ಚಿ, ತತ್ತಿಯನ್ನು ಬೆಳಕಿನ ಮೇಲೆ ಹಿಡಿದು ತೋರಿಸಿದಳು. "ನೋಡ್ರಿ ಕಾಕಾರ, ಎಳಿ ಎಳಿ ಕಾಣತೈತಿ." ನನಗೆ ಒಂದರಲ್ಲಿ ಏನೋ ಕೆಂಪು ನೂಲಿನಂತೆ ಕಂಡಿತು, ಉಳಿದವುಗಳಲ್ಲಿ ಬರೀ ಮಬ್ಬು. ಹೆಂಡತಿಗೆ ಏನು ಹೇಳಬೇಕೆಂದು ತಿಳಿಯದೆ, ಇನ್ನೂ ಗೊತ್ತಾಗುವುದಿಲ್ಲವಂತೆ ಎಂದೆ.

"ಹುಂಜಾನ ಕಟ್ಟಿ ಹಾಕಲೇನ್ರಿ ಕಾಕಾರ?" ಎಂದು ಪಕ್ಕದ ಮನೆಯವಳು ಬೇಸರದಿಂದ ಕೇಳಿದಳು. "ಕಾಕು ತತ್ತಿ ಬಿಟ್ಟಾರಂತ ಕೇಳಿದಾಗಿಂದ ನನಗೂ ಊಟ ಸೇರವಲ್ದು. ಒಂದ ಮಾತು ನುಂಗಿಕೊಂಡಿದ್ರ ಆಗತಿತ್ತು."

"ನಿಂದೇನೂ ತಪ್ಪಿಲ್ಲ ತಂಗಿ" ಎಂದೆ. ಹಾಗಾದರೆ ತಪ್ಪು ಯಾರದು ಎಂಬುದು ಅಲ್ಲಿಗೂ ಬಗೆಹರಿಯಲಿಲ್ಲ. ಮರುದಿನದಿಂದ ಅವಳು ಮೊಳಕೆ ಬಂದ ಹೆಸರು, ಹುರಿದ ಶೇಂಗಾ ಬಟ್ಟಲಲ್ಲಿ ಹಾಕಿ ಗೋಡೆಯ ಮೇಲಿಂದ ಕೊಡತೊಡಗಿದಳು. ನಮ್ಮ ಉಳಿದ ಹೇಂಟೆಗಳ ತತ್ತಿ ಅತ್ತ ಹೋಗತೊಡಗಿತು.

ಮೂರು ವಾರ ತುಂಬಿದಾಗ ಎರಡು ಮರಿ ಹೊರಬಂದವು. ಉಳಿದ ತತ್ತಿಗಳು ಹಾಗೇ ಬಿದ್ದಿದ್ದವು. ಒಂದನ್ನು ಒಡೆದು ನೋಡಿದರೆ ಹಿತ್ತಲೆಲ್ಲ ನಾರಿತು. ಬಂದರೆ ಎಲ್ಲ ಬರಬೇಕು, ಇಲ್ಲದಿದ್ದರೆ ಒಂದೂ ಬರಬಾರದು ಎಂದು ನಾನು ಲೆಕ್ಕ ಹಾಕಿದ್ದೆ. ಎರಡಕ್ಕೆ ಏನೆಂದು ಅರ್ಥ ಮಾಡಬೇಕು?

ಹೆಂಡತಿ ಮರಿಯನ್ನು ತರಲು ಹೇಳಿದಳು. ತತ್ತಿಯನ್ನು ಒಮ್ಮೆಯೂ ಕೈಯಿಂದ ಮುಟ್ಟದೆ ಚಮಚದಲ್ಲೇ ತಿಂದವಳು, ಅಂಗೈ ಚಾಚಿದಳು. ಮರಿ ಅಲ್ಲಿ ಕುಳಿತು ಚಿಂವ್ ಚಿಂವ್ ಎಂದಿತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಕಣ್ಣುಗಳು ತುಂಬಿ ಬಂದಿದ್ದವು.

"ನಾ ತಿಂದದ್ದರಾಗ ಯಾವುದರಾಗ ಇತ್ತು, ಯಾವುದರಾಗ ಇರಲಿಲ್ಲ?"

"ಗೊತ್ತಾಗೂದಿಲ್ಲ" ಎಂದೆ. "ಗೊತ್ತಾಗಲಾರದ್ದನ್ನ ಯಾಕ ಕೇಳತಿ?"

"ಇನ್ನ ತಿನ್ನೂದಿಲ್ರಿ."

"ಸರಿ."

"ತಿಂದದ್ದನ್ನ ಹೊಳ್ಳಿ ಗೂಡಿನಾಗ ಇಡಾಕ ಬರೂದಿಲ್ಲ." ಮರಿಯನ್ನು ನನ್ನ ಕೈಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವುಗಳ ಬಲ ಮೈಯಾಗ ಐತಿ. ಹಂಗ ಮಲಕ್ಕೊಂಡು ದಂಡ ಮಾಡಿದ್ರ ಅದು ಬ್ಯಾರೆ ಪಾಪ. ವಾಕರ್ ಈ ಕಡೆ ತರ್ರಿ."

ಒಂದು ಕೈಯಲ್ಲಿ ಮರಿ ಹಿಡಿದುಕೊಂಡೇ ವಾಕರ್ ತಂದುಕೊಟ್ಟೆ. ಅಂದು ಅವಳು ಬಾಗಿಲವರೆಗೆ ಹೋಗಿ ಬಂದಳು. ಮರುದಿನ ಎರಡು ಸಲ. ನಾನು ಸಾಕು ಎಂದರೂ ಕೇಳಲಿಲ್ಲ. ಹಲ್ಲು ಕಚ್ಚಿಕೊಂಡು ನಡೆದಳು, ಯಾರಿಗೋ ಮಾತು ಕೊಟ್ಟವಳಂತೆ. ಹೆಸರು ಶೇಂಗಾ ತಿಂದಳು, ಹಾಲು ಕುಡಿದಳು, ನಡೆದಳು.

ಕೆಲವು ವಾರಗಳ ನಂತರ ಡಾಕ್ಟರ ಬಳಿ ಹೋದಾಗ ಅವಳ ಕೈಯಲ್ಲಿ ವಾಕರ್ ಇರಲಿಲ್ಲ, ಬರೀ ಕೋಲು. ಡಾಕ್ಟರಿಗೆ ಸಂತೋಷವೋ ಸಂತೋಷ. "ನೋಡಿದ್ರೇನ್ರಿ ಅಮ್ಮಾರ? ತತ್ತಿ ಹೆಂಗ ಕೆಲಸ ಮಾಡೇತಿ! ಬಿಡಬ್ಯಾಡ್ರಿ ಮತ್ತ."

ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಎಲುಬುಗಳ ಚಿತ್ರ ನೋಡುತ್ತ "ಹೂಂ" ಎಂದಳು.

ಆಟೋದಲ್ಲಿ ಕುಳಿತ ಮೇಲೆ ಕೇಳಿದೆ. "ತತ್ತಿ ಬಿಟ್ಟು ಭಾಳ ದಿನ ಆತಂತ ಹೇಳಬೇಕಿತ್ತಲ್ಲ?"

"ನೀವಽ ಹೇಳಬೇಕಿತ್ತು. ಬಾಯಾಗೇನ ಕಡಬು ಇತ್ತೇನು?"

"ಡಾಕ್ಟರ್ ತತ್ತಿಯಿಂದನ ಬಲ ಬಂತಂದ್ರು."

"ತಿಂದಾಗ ಬಂತೋ, ಬಿಟ್ಟ ಮ್ಯಾಲೆ ಬಂತೋ, ನಿಮಗ ಗೊತ್ತೈತೇನು?"

ಗೊತ್ತಿರಲಿಲ್ಲ. ತತ್ತಿಯಿಂದ ಬಂದಿದ್ದರೆ ಡಾಕ್ಟರು ಹೇಳಿದ್ದು ಸರಿ, ನಾನು ಮತ್ತೆ ತಿನ್ನು ಎಂದು ಅವಳನ್ನು ಬೇಡಿಕೊಳ್ಳಬೇಕು. ತತ್ತಿ ತಿಂದ ನೋವಿನಿಂದ ಬಂದಿದ್ದರೆ, ಅದನ್ನು ಯಾವ ಡಾಕ್ಟರಿಗೂ ಹೇಳುವಂತಿಲ್ಲ. ಇವತ್ತಿಗೂ ನನಗೆ ಇದರ ಕಾರಣ ಸಿಕ್ಕಿಲ್ಲ.

ನಮ್ಮ ಓಣಿಯ ತಿರುವು ಬರುತ್ತಲೇ ಅವಳು ಆಟೋ ನಿಲ್ಲಿಸಲು ಹೇಳಿದಳು. "ಇಲ್ಲಿಂದ ನಡೀತೇನಿ."

ಕೋಲೂರಿ ಇಳಿದು ಹೊರಟೇಬಿಟ್ಟಳು. ಹಿಂದೆ ನಡೆದರೆ ಬಿದ್ದಾಗ ಹಿಡಿಯಬಹುದು, ಮುಂದೆ ನಡೆದರೆ ಕಲ್ಲು ಮುಳ್ಳು ಸರಿಸಬಹುದು. ಯಾವುದು ಸರಿ ಎಂದು ತಿಳಿಯದೆ ನಾನು ಒಮ್ಮೆ ಹಿಂದೆ, ಒಮ್ಮೆ ಮುಂದೆ ಆಗುತ್ತಿದ್ದೆ. "ಒಂದ ಕಡೆ ನಡೀರಿ" ಎಂದು ಅವಳು ಗದರಿದಳು. ಮತ್ತೆ ನಿಲ್ಲದೆ ನಡೆದಳು.