ನನ್ನೆದುರು ನಡುಗದ ಎಂಜಿನ್

ಆ ಕಾರನ್ನು ನಾವು ಕೊಂಡಾಗಲೇ ಅದಕ್ಕೆ ಹನ್ನೆರಡು ವರ್ಷವಾಗಿತ್ತು. ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್ ಗೇರು. ಇಂಗ್ಲೆಂಡಿನ ಲಫ್‌ಬರೋದಲ್ಲಿದ್ದ ಮನೆಯಿಂದ ಲ್ಯಾಬ್‌ಗೆ ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ಅವಳು ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಮಕ್ಕಳ ಡಾಕ್ಟರು. ದಾರಿ ಸಲೀಸಾಗಿದ್ದರೆ ಒಂದು ಗಂಟೆ ಹತ್ತು ನಿಮಿಷ, ಇಲ್ಲದಿದ್ದರೆ ಹೇಳುವ ಹಾಗಿಲ್ಲ.

ಅಕ್ಟೋಬರಿನ ಒಂದು ಸಂಜೆ ಅವಳು ಬಂದವಳೇ ಕೋಟು ಬಿಚ್ಚುವ ಮೊದಲೇ ಹೇಳಿದಳು: “ಕಾರು ನಡುಗ್ತಾ ಇದೆ ಕಣೋ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ಕೊಂಡು ನಿಂತ್ರೆ ಸ್ಟೀರಿಂಗೆಲ್ಲಾ ಅದುರುತ್ತೆ. ಆಫ್ ಆಗ್ಬಿಡುತ್ತೇನೋ ಅನ್ಸುತ್ತೆ.”

“ಪ್ಲಗ್ ಇರ್ಬೇಕು. ಶನಿವಾರ ನೋಡ್ತೀನಿ” ಅಂದೆ.

ಎಂಜಿನ್ ನನ್ನ ಕಸುಬು. ಲ್ಯಾಬಿನಲ್ಲಿ ದಿನವಿಡೀ ಎಂಜಿನ್ ಓಡಿಸಿ, ಅದರ ಉಸಿರು ಅಳೆದು ಬರೆಯುವುದೇ ನನ್ನ ಕೆಲಸ. ಮನೆಯ ಕಾರನ್ನು ಬೇರೆಯವರ ಕೈಗೆ ಕೊಡುವುದೆಂದರೆ ನನಗೆ ಅವಮಾನ. ಶನಿವಾರ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದೆ. ಬಾನೆಟ್ ತೆರೆದಿಟ್ಟು, ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲಿ ನಿಂತು ಕಿವಿಗೊಟ್ಟೆ. ಒಂದೇ ಸಮನೆ ಓಡುತ್ತಿತ್ತು. ನಾಲ್ಕು ಬೀದಿ ಸುತ್ತಿಸಿಕೊಂಡು ಬಂದೆ. ಏನೂ ಇಲ್ಲ.

ಸೋಮವಾರ ಸಂಜೆ, “ಹಾಗೇ ಇದೆ” ಅಂದಳು.

ಮುಂದಿನ ಶನಿವಾರ ಇಗ್ನಿಷನ್ ಕಾಯಿಲ್‌ಗಳ ಸರದಿ. ಅದರ ಮುಂದಿನದರಲ್ಲಿ ಗಾಳಿ ಅಳೆಯುವ ಸೆನ್ಸರ್ ತೊಳೆದೆ. ಪ್ರತಿ ಸಲವೂ ಡ್ರೈವ್‌ವೇಯಲ್ಲಿ ಕಾರು ನನ್ನೆದುರು ಸಾಧುವಿನಂತೆ ನಿಂತಿರುತ್ತಿತ್ತು. “ನಾನು ಓಡಿಸಿದ್ರೆ ನಡುಕ ಬರ್ತಾನೇ ಇಲ್ವಲ್ಲ” ಅನ್ನುತ್ತಿದ್ದೆ. ಆ ಮಾತಿನಲ್ಲಿ ಏನಿತ್ತೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನವೆಂಬರಿನಲ್ಲಿ ಬೀಸ್ಟನ್‌ನ ಸ್ನೇಹಿತರೊಬ್ಬರ ಮನೆಯಲ್ಲಿ ಊಟವಿತ್ತು. ಏಳೆಂಟು ಕನ್ನಡದ ಸಂಸಾರಗಳು ಸೇರಿದ್ದೆವು. ಯಾರೋ ಕಾರಿನ ವಿಷಯ ಎತ್ತಿದರು. “ನಮ್ಮ ಕಾರಿಗೆ ಇವಳನ್ನ ಕಂಡ್ರೆ ಭಯ. ಇವಳು ಕೂತ್ರೆ ಮಾತ್ರ ನಡುಗುತ್ತೆ” ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಕ್ಕು ಒಳಗೆ ಹೋಗಿ ತಟ್ಟೆ ತೊಳೆಯತೊಡಗಿದಳು. ವಾಪಸಾಗುವಾಗ ನಾನೇ ಓಡಿಸಿದೆ. ಊರು ಹತ್ತಿರವಾದಾಗ ಒಂದು ಸಿಗ್ನಲ್‌ನಲ್ಲಿ ಕಾರು ಸಣ್ಣಗೆ ಅದುರಿತು. ಅವಳು ತಿರುಗಿ ನನ್ನನ್ನು ನೋಡಿದಳು.

“ಎಂಜಿನ್ ಕೆಳಗಿನ ರಬ್ಬರ್ ಮೌಂಟ್ ಸವೆದಿರ್ಬೇಕು. ಹಳೇ ಕಾರಲ್ವಾ” ಅಂದೆ.

ಅಲ್ಲಿಂದ ಮುಂದೆ ಅವಳು ದೂರುವುದನ್ನು ಬಿಟ್ಟಳು. ನನ್ನ ರಿಪೇರಿ ಕೆಲಸ ಮಾಡಿತು ಅಂದುಕೊಂಡೆ.

ಡಿಸೆಂಬರಿನಲ್ಲಿ ಒಂದು ದಿನ ಅವಳು ಬಂದು, ಶೂಸ್ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು. “ಇವತ್ತು ಕಾರು ನಿಂತ್ಹೋಯ್ತು. ರೌಂಡ್‌ಅಬೌಟ್ ಹತ್ರ.”

“ಮತ್ತೆ ಸ್ಟಾರ್ಟ್ ಆಯ್ತಾ?”

“ಆಯ್ತು.”

“ಸರಿ, ಶನಿವಾರ ನೋಡ್ತೀನಿ.”

“ಬೇಡ” ಅಂದಳು. ದನಿ ಏರಿರಲಿಲ್ಲ. “ನಮ್ಮ ವಾರ್ಡಿನ ನರ್ಸ್ ಒಬ್ರು ಅಲ್ಲೇ ಆಸ್ಪತ್ರೆ ಹತ್ರ ಒಂದು ಗ್ಯಾರೇಜ್ ಹೇಳಿದಾರೆ. ಅಲ್ಲಿಗೆ ಹೋಗೋಣ.” ಆದರೆ ಆಮೇಲೆ ಅವಳ ಡ್ಯೂಟಿಯ ರೋಟಾ ಅಡ್ಡ ಬಂತು, ಹೋಗುವುದು ಎರಡು ವಾರ ತಡವಾಯಿತು. ಆ ಎರಡು ವಾರವೂ ಅವಳು ಅದೇ ಕಾರಿನಲ್ಲಿ ಹೋಗಿ ಬಂದಳು.

ಗ್ಯಾರೇಜಿನವರು ವಯಸ್ಸಾದ ಪಂಜಾಬಿ. ಪೇಟ, ದಾರ ಕಟ್ಟಿದ ಕನ್ನಡಕ. ಪ್ಲಗ್, ಕಾಯಿಲ್, ಸೆನ್ಸರ್ ಎಂದು ನಾನು ಮಾಡಿದ್ದನ್ನೆಲ್ಲ ಅವರಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ದಿನಾ ಈ ಗಾಡಿ ಓಡಿಸೋರು ಯಾರು?” ಎಂದು ಕೇಳಿದರು. ನಾನು ಹೆಂಡತಿಯ ಕಡೆ ಕೈ ತೋರಿಸಿದೆ. ಅವರು ನನಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದರು. “ಹೇಳಿ ಬೇಟಿ, ಏನಾಗುತ್ತೆ?”

ಅವಳು ಇಂಗ್ಲಿಷಿನಲ್ಲಿ ಹೇಳಿದಳು. ರೋಗಿಯ ವಿವರವನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸುವ ದನಿಯಲ್ಲಿ. ಮೊದಲ ಅರ್ಧ ಗಂಟೆ ಏನೂ ಇಲ್ಲ. ಕಾರು ಚೆನ್ನಾಗಿ ಬಿಸಿಯಾಗಿ, ಮೋಟರ್‌ವೇ ಇಳಿದು ಬ್ರೇಕ್ ಒತ್ತಿದಾಗ ಶುರು. ಕಾಲು ತೆಗೆದರೆ ನಡುಕ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಪಾದದ ಹತ್ತಿರ ಬುಸ್ಸೆಂದು ಗಾಳಿ ಹೋಗುವ ಸದ್ದು. ಆಮೇಲೆ ಹೇಳಿದಳು: “ಎರಡು ವಾರದ ಹಿಂದೆ ಎಂಜಿನ್ ಆಫ್ ಆಯ್ತು. ಪೆಡಲ್ ಕಲ್ಲಿನ ಹಾಗಾಯ್ತು. ಎರಡೂ ಕಾಲಿಟ್ಟು ಒತ್ತಿದೆ. ಕಾರು ಜೀಬ್ರಾ ಕ್ರಾಸಿಂಗ್ ಮೇಲೆ ಹೋಗಿ ನಿಂತಿತು. ಒಬ್ಬ ಹೆಂಗಸು ಮಗು ಕೂತಿದ್ದ ಪುಶ್‌ಚೇರ್ ಹಿಂದಕ್ಕೆ ಎಳ್ಕೊಂಡ್ಲು. ಮಧ್ಯೆ ಒಂದು ಗಜ ಇತ್ತೇನೋ.”

ಪುಶ್‌ಚೇರಿನ ಸಂಗತಿ ನಾನು ಮೊದಲ ಬಾರಿ ಕೇಳಿದ್ದು ಅಲ್ಲಿ, ಟಯರುಗಳ ರಾಶಿಯ ಪಕ್ಕ ನಿಂತುಕೊಂಡು.

ಅವರು ಬಾನೆಟ್ ತೆರೆಯಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದರು. ಲಫ್‌ಬರೋದಿಂದ ಬಂದಿದ್ದರಿಂದ ಅದಿನ್ನೂ ಕಾದಿತ್ತು. ಬ್ರೇಕ್ ಒತ್ತಿದರು. ಕಾರು ಜ್ವರ ಬಂದವರಂತೆ ನಡುಗಿತು. ಬಿಟ್ಟರು, ನಿಂತಿತು. ನನ್ನನ್ನು ಕರೆದು, “ಇಲ್ಲಿ ಕಿವಿ ಇಡಿ” ಅಂದರು. ಮಂಡಿಯೂರಿ ಪೆಡಲಿನ ಬಳಿ ತಲೆ ತಂದೆ. ಬುಸ್ಸೆನ್ನುವ ಸದ್ದು ಸ್ಪಷ್ಟವಾಗಿತ್ತು.

“ನಮ್ಮ ಕಾಲಿಗೆ ಬಲ ಕೊಡೋಕೆ ಬ್ರೇಕಿಗೆ ಒಂದು ಡಬ್ಬ ಇರುತ್ತೆ, ಸರ್ವೊ. ಎಂಜಿನ್ ಗಾಳಿ ಎಳೆಯೋದರಿಂದಲೇ ಅದು ಕೆಲಸ ಮಾಡೋದು. ಅದರೊಳಗಿನ ರಬ್ಬರ್ ಹರಿದಿದೆ. ಒತ್ತಿದಾಗೆಲ್ಲ ಆ ಹರುಕಿನಿಂದ ಎಂಜಿನ್ನಿಗೆ ಗಾಳಿ ನುಗ್ಗುತ್ತೆ, ಅದಕ್ಕೇ ನಡುಕ. ಬಿಸಿಯಾದರೆ ಹರುಕು ಇನ್ನೂ ಅಗಲ ಆಗುತ್ತೆ.” ಕನ್ನಡಕ ತೆಗೆದು ನನ್ನನ್ನು ನೋಡಿದರು. “ಎಂಜಿನ್ನಿಗೆ ಏನೂ ಆಗಿಲ್ಲ. ಹಾಳಾಗಿರೋದು ಬ್ರೇಕು. ಈ ಗಾಡಿ ಇವತ್ತು ಇಲ್ಲಿಂದ ಹೊರಗೆ ಹೋಗಲ್ಲ.”

ಲ್ಯಾಬಿನಲ್ಲಿ ಎಂಜಿನ್‌ಗಳು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿರುತ್ತವೆ. ಅವಕ್ಕೆ ಬ್ರೇಕ್ ಪೆಡಲ್ ಇರುವುದಿಲ್ಲ. ಮನೆಯಲ್ಲೂ ನಾನು ಹಾಗೆಯೇ ಬಾನೆಟ್ಟಿನ ಪಕ್ಕ ನಿಂತು ಪರೀಕ್ಷಿಸಿದ್ದೆ. ಆದರೆ ಇದೆಲ್ಲ ನೆಪ. ಬ್ರೇಕ್ ಒತ್ತಿದಾಗ ಎಂದು ಅವಳು ಮೊದಲ ದಿನವೇ ಹೇಳಿದ್ದಳು.

ಬರ್ಮಿಂಗ್‌ಹ್ಯಾಮ್ ದಾಟಿದ ಮೇಲೆ, ಮನೆಗೆ ವಾಪಸಾಗುವ ರೈಲಿನಲ್ಲಿ ಕೇಳಿದೆ: “ಪುಶ್‌ಚೇರ್ ವಿಷಯ ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನ್ಮಾಡ್ತಿದ್ದೆ? ಮತ್ತೆ ಪ್ಲಗ್ ಬಿಚ್ತಿದ್ದೆ.”

ಲೆಸ್ಟರ್ ಹತ್ತಿರವಾದಾಗ ಅವಳೇ ಮಾತಾಡಿದಳು, ಕಿಟಕಿಯ ಕಡೆ ನೋಡುತ್ತಾ. “ಆ ಹೆಂಗಸು ಬೈಯ್ಲಿಲ್ಲ ಗೊತ್ತಾ. ಇಳಿದು ಸಾರಿ ಸಾರಿ ಅಂತಿದ್ದೆ. ಅವಳು ‘ಆರ್ ಯು ಆಲ್‌ರೈಟ್, ಲವ್?’ ಅಂತ ನನ್ನನ್ನೇ ಕೇಳಿದ್ಲು. ಮಗು ನಿದ್ದೆ ಮಾಡ್ತಾನೇ ಇತ್ತು.” ಅಷ್ಟು ಹೇಳಿ ಅತ್ತಳು. ಎದುರಿಗೆ ಕೂತವರು ಫೋನು ನೋಡುವಂತೆ ನಟಿಸಿದರು. ಅವಳ ಕೈ ಹಿಡಿಯಲು ಹೋದೆ. ಅವಳು ಬ್ಯಾಗಿನಲ್ಲಿ ಟಿಶ್ಯೂ ಹುಡುಕುತ್ತಿದ್ದಳು.

ಮುಂದಿನ ವಾರ ಕಾರು ಬಂತು. ಹೊಸ ಸರ್ವೊ. ಬ್ರೇಕ್ ಎಷ್ಟು ಒತ್ತಿದರೂ ಕಾರು ನಡುಗುತ್ತಿರಲಿಲ್ಲ. ದಿನಾ ಸಂಜೆ ಕೇಳುತ್ತಿದ್ದೆ, “ಹೇಗಿತ್ತು ಕಾರು?” ಅವಳು, “ಚೆನ್ನಾಗಿದೆ” ಅನ್ನುತ್ತಿದ್ದಳು. ನಿಜವಾಗಿಯೂ ಚೆನ್ನಾಗಿದೆಯೋ, ನನ್ನೊಡನೆ ಆ ಮಾತೇ ಬೇಡವೋ, ನನಗೆ ತಿಳಿಯುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ರಜೆ ಹಾಕಿ ಅವಳ ಜೊತೆ ಆಸ್ಪತ್ರೆಯವರೆಗೆ ಹೋದೆ. ಮೋಟರ್‌ವೇ ಇಳಿದ ಮೇಲೆ ಆಸ್ಪತ್ರೆಯ ಬೋರ್ಡು ನೇರಕ್ಕೆ ತೋರಿಸುತ್ತಿತ್ತು. ಅವಳು ಎಡಕ್ಕೆ ತಿರುಗಿಸಿದಳು. ಸಾಲು ಮನೆಗಳ ನಡುವೆ, ಸ್ಪೀಡ್ ಬಂಪುಗಳ ಮೇಲೆ ನಿಧಾನವಾಗಿ ಸಾಗಿದೆವು.

“ಇದು ಹತ್ತು ನಿಮಿಷ ಜಾಸ್ತಿ” ಅಂದಳು. “ಆದ್ರೆ ಆ ಕ್ರಾಸಿಂಗ್ ಬರಲ್ಲ.”

“ಸರಿ” ಅಂದೆ.