ಅಬೊತಾನ್ಸೊದ ಕೈಮಾತು

ಅಬೊತಾನ್ಸೊದಲ್ಲಿ ಕಿವುಡಿಯಾಗಿ ಹುಟ್ಟುವುದೆಂದರೆ ಕುಳ್ಳಿಯಾಗಿ ಹುಟ್ಟಿದಷ್ಟೇ. ಯಾರೂ ಅಯ್ಯೋ ಪಾಪ ಎನ್ನುತ್ತಿರಲಿಲ್ಲ. ಅಕ್ವಾಪಿಮ್ ಗುಡ್ಡದ ಬುಡದ ಆ ಊರಿನಲ್ಲಿ ಮೂವತ್ತು ಜನಕ್ಕೆ ಕಿವಿ ಕೇಳುತ್ತಿರಲಿಲ್ಲ, ಉಳಿದವರು ಅವರೊಡನೆ ಕೈಯಲ್ಲೇ ಮಾತಾಡುತ್ತಿದ್ದರು. ಬೈಗುಳ, ಚೌಕಾಸಿ, ಸಾವಿನ ಮನೆಯ ಸಮಾಧಾನ, ಎಲ್ಲವೂ ಕೈಯಲ್ಲೇ. ಅಜ್ಜಂದಿರ ಕಾಲದಿಂದ ಬಂದ ಮಾತು ಅದು, ಯಾರೂ ಅದನ್ನು ಕೂರಿಸಿ ಕಲಿಸಿದ್ದಲ್ಲ.

ಅಫುವಾ ಸಾಚಿಬಿಯಾ ಈ ಮೂವತ್ತರಲ್ಲಿ ಒಬ್ಬಳು. ಸೌದೆ ಕಡಿದು ಮಾರುತ್ತಿದ್ದಳು, ಮರಗೆಣಸು ಬೆಳೆಯುತ್ತಿದ್ದಳು. ಊರ ಮುಖಂಡ ಹೊಟ್ಟೆ ಮುಂದೆ ಮಾಡಿ ನಡೆಯುವುದನ್ನು ಅವಳು ಎರಡು ಬೆರಳಲ್ಲಿ ಮಾಡಿ ತೋರಿಸಿದರೆ, ಕಿವಿ ಕೇಳುವವರೂ ಬಾವಿಕಟ್ಟೆಯ ಮೇಲೆ ಕೊಡ ಇಟ್ಟು ನಗುತ್ತಿದ್ದರು.

ಗಂಡ ತಾಳೆಮರದಿಂದ ಬಿದ್ದು ಸತ್ತಾಗ ಮಗಳು ಒಬೆನೆವಾ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವಳಿಗೂ ಕಿವಿ ಕೇಳುತ್ತಿರಲಿಲ್ಲ. ಗಂಡನ ಸೋದರಳಿಯಂದಿರು ಒಂದು ಕಾಗದ ಹಿಡಿದುಕೊಂಡು ಬಂದು ಕೋಕೋ ತೋಟ ತಮ್ಮದೆಂದರು. ಸಾಚಿಬಿಯಾ ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿದಳು. ಅದರಲ್ಲಿ ಏನು ಬರೆದಿತ್ತೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಒಬೆನೆವಾಗೆ ಎಂಟು ತುಂಬಿದ ವರ್ಷ ಚರ್ಚಿನ ಅಂಗಳಕ್ಕೆ ಒಂದು ಜೀಪು ಬಂತು. ಇಳಿದವಳು ಬಿಳಿಯ ಹೆಂಗಸು. ಕಿವುಡು ಮಕ್ಕಳಿಗೆ ಓದು ಕಲಿಸಬೇಕೆಂದು ಸಮುದ್ರ ದಾಟಿ ಬಂದು ಗುಡ್ಡದ ಮೇಲೆ ಶಾಲೆ ತೆರೆದಿದ್ದಳು. ಸಾಚಿಬಿಯಾಳ ಅಣ್ಣ ಒಪಾರೆಗೆ ಕಿವಿ ಕೇಳುತ್ತಿತ್ತು, ಚರ್ಚಿನಲ್ಲಿ ಓದುತ್ತಲೂ ಇದ್ದ. ಅವನೇ ನಡುವೆ ನಿಂತು ಆಕೆಯ ಮಾತನ್ನು ಕೈಗೆ ಇಳಿಸಿದ.

"ತಂಗಿ, ಊಟ, ಬಟ್ಟೆ, ಹಾಸಿಗೆ ಎಲ್ಲಾ ಅವರದ್ದೇ ಅಂತೆ. ಓದು ಬರಹದ ಜೊತೆ ಹೊಲಿಗೇನೂ ಕಲಿಸ್ತಾರಂತೆ."

"ಅಲ್ಲಿ ಮಾತಾಡೋದು ಹೆಂಗೆ?"

"ಕೈಯಲ್ಲೇ."

"ಯಾರ ಕೈಮಾತು?"

ಒಪಾರೆ ಕೇಳಿದ. ಬಿಳಿಯಮ್ಮ ನಗುತ್ತಾ ಉತ್ತರಿಸಿದಳು. "ಪ್ರಪಂಚದಲ್ಲೆಲ್ಲಾ ನಡೆಯೋ ಮಾತಂತೆ," ಎಂದ ಒಪಾರೆ.

"ಪ್ರಪಂಚದಲ್ಲಿ ಅಬೊತಾನ್ಸೊನೂ ಸೇರಿದೆಯಾ ಕೇಳು."

ಅಣ್ಣ ನಕ್ಕುಬಿಟ್ಟ, ಕೇಳಲಿಲ್ಲ. ಸಾಚಿಬಿಯಾಗೂ ಅದಕ್ಕಿಂತ ಹೆಚ್ಚಾಗಿ ಆ ಕೋಕೋ ತೋಟದ ಕಾಗದ ನೆನಪಿಗೆ ಬಂದಿತ್ತು. ಮಗಳಾದರೂ ಕಾಗದ ಓದಲಿ ಎಂದುಕೊಂಡು ಹೆಬ್ಬೆಟ್ಟು ಒತ್ತಿದಳು.

ಮೊದಲ ರಜೆಗೆ ಬಂದಾಗ ಮಗಳು ದುಂಡಗಾಗಿದ್ದಳು. ಮಣ್ಣಿನ ಮೇಲೆ ಕಡ್ಡಿಯಿಂದ ತನ್ನ ಹೆಸರು ಬರೆದು ತೋರಿಸಿದಳು. ಸಾಚಿಬಿಯಾ ಸಂಜೆಯವರೆಗೂ ಅದರ ಮೇಲೆ ಕೋಳಿ ಹಾಯದಂತೆ ಕಾದಳು. ಎರಡನೆಯ ವರ್ಷ ಮಗಳ ಕೈಗಳು ಬೇರೆಯಾಗಿದ್ದವು. ನೀರಿಗೆ ಬೇರೆ ಸನ್ನೆ, ಅವ್ವನಿಗೆ ಬೇರೆ ಸನ್ನೆ.

"ನಮ್ಮ ಹಂಗೆ ಹೇಳೇ," ಎಂದಳು ಸಾಚಿಬಿಯಾ.

ಮಗಳು ಸುತ್ತ ನೋಡಿ ಕೈಯನ್ನು ಮಡಿಲಿಗೆ ಎಳೆದುಕೊಂಡು ಅಲ್ಲೇ ಸಣ್ಣದಾಗಿ ಆಡಿಸಿದಳು. "ಅದು ಮಾತಲ್ಲವಂತೆ ಅವ್ವ. ಕೋತಿಯಾಟವಂತೆ. ಮಾಡಿದ್ರೆ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೀತಾರೆ."

ಆ ಮೇಷ್ಟ್ರು ಬಿಳಿಯನಲ್ಲ, ಅದೇ ನಾಡಿನ ಕರಾವಳಿಯವನೇ. ಅವನ ಕೈಗಿಟ್ಟ ಪುಸ್ತಕದಲ್ಲಿ ಅಬೊತಾನ್ಸೊದ ಒಂದು ಸನ್ನೆಯೂ ಇರಲಿಲ್ಲ.

ಒಬೆನೆವಾ ಓದು ಮುಗಿಸಿ ಅಕ್ರಾದಲ್ಲಿ ದರ್ಜಿಯಾದಳು. ಅದೇ ಶಾಲೆಯಲ್ಲಿ ಓದಿದ ಕಿವುಡ ಬಡಗಿಯೊಬ್ಬನನ್ನು ಮದುವೆಯಾದಳು. ಕ್ರಿಸ್‌ಮಸ್ಸಿಗೆ ಬಂದರೆ ತಾಯಿ ಮಗಳ ನಡುವೆ ಒಪಾರೆ ಕೂರಬೇಕು. ಮಗಳು ಬರೆದು ತೋರಿಸಿದ್ದನ್ನು ಅವನು ಓದಿ ತಂಗಿಗೆ ಕೈಯಲ್ಲಿ ಹೇಳುವುದು. ಒಪಾರೆ ತೀರಿಕೊಂಡ ಮೇಲೆ ಇಬ್ಬರೂ ಫುಫು ಮುದ್ದೆಯ ತಟ್ಟೆಯ ಎರಡು ಕಡೆ ಕೂತು ನಗುವುದು, ತಲೆಯಾಡಿಸುವುದು, ಅಷ್ಟೇ ಉಳಿಯಿತು. ಅಷ್ಟರಲ್ಲಿ ಊರಿನ ಕಿವುಡು ಮಕ್ಕಳೆಲ್ಲ ಶಾಲೆ ಸೇರಿದ್ದರು. ಬಾವಿಕಟ್ಟೆಯಲ್ಲಿ ಕೈಯಾಡಿಸುವವರು ಮುದುಕರು ಮಾತ್ರ.

ಅರವತ್ತರ ಹತ್ತಿರ ಸಾಚಿಬಿಯಾಳ ಕಾಲಿಗೆ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆ ಇರುವುದು ಯಾರಿಗೂ ಗೊತ್ತಿರಲಿಲ್ಲ. ಸುದ್ದಿ ತಿಳಿದು ಒಬೆನೆವಾ ಬರುವ ಹೊತ್ತಿಗೆ ಪಾದ ಕಪ್ಪಾಗಿ ವಾಸನೆ ಹಿಡಿದಿತ್ತು. ತಾಯಿಯನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಅಕ್ರಾದ ಆಸ್ಪತ್ರೆಗೆ ಓಡಿದಳು.

ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು: ಮಂಡಿಯ ಮೇಲಕ್ಕೆ ತೆಗೆಯಬೇಕು, ಈಗಲೇ. ನಾಳೆಗೆ ಬಿಟ್ಟರೆ ಜೀವ ಉಳಿಯುವುದಿಲ್ಲ.

ಒಬೆನೆವಾ ಓದಿದಳು. ಆಸ್ಪತ್ರೆಯಲ್ಲಿ ಶಾಲೆಯ ಸನ್ನೆ ಬಲ್ಲ ನರ್ಸೊಬ್ಬಳಿದ್ದಳು, ಅವಳ ಮಾತು ತಾಯಿಗೆ ಒಂದೂ ಹತ್ತಲಿಲ್ಲ. ಊರಿನವರು ಯಾರೂ ಜೊತೆಗಿರಲಿಲ್ಲ. ಒಬೆನೆವಾ ತಾನೇ ನೆನಪನ್ನು ಕೆದಕಿದಳು. ಸೌದೆ ಕಡಿಯುವುದಕ್ಕೆ ಒಂದು ಸನ್ನೆ ನೆನಪಿತ್ತು, ಗೆಣಸು ಕೊಯ್ಯುವುದಕ್ಕೆ ಇನ್ನೊಂದು. ಮೈ ಕೊಯ್ಯುವುದಕ್ಕೆ ಯಾವುದು? ಎಂಟು ವರ್ಷದ ಮಗುವಿಗೆ ಆ ಮಾತು ಯಾಕೆ ಬೇಕಿತ್ತು, ಅವಳು ಕಲಿತೇ ಇರಲಿಲ್ಲ. ಕೊನೆಗೆ ತಾಯಿಯ ತೊಡೆಯ ಮೇಲೆ ಬೆರಳಿನಿಂದ ಗೆರೆ ಎಳೆದಳು.

ಜ್ವರದಲ್ಲಿದ್ದ ಸಾಚಿಬಿಯಾ ಗೆರೆ ನೋಡಿದಳು. "ಅಲ್ಲೀತನಕ ಪಟ್ಟಿ ಕಟ್ತಾರಾ? ಕಟ್ಲಿ ಬಿಡು."

ತಾಯಿಗೆ ಅರ್ಥವಾಗಿಲ್ಲವೆಂದು ಮಗಳಿಗೆ ಅರ್ಥವಾಯಿತು. ಡಾಕ್ಟರು ಗಡಿಯಾರ ನೋಡುತ್ತಿದ್ದರು. ಅವಳು ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದಳು.

ಎಚ್ಚರವಾದಾಗ ಸಾಚಿಬಿಯಾ ಹೊದಿಕೆಯ ಚಪ್ಪಟೆಯಾದ ಜಾಗವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಯಾರು ಹೇಳಿದ್ದು?"

ಒಬೆನೆವಾ ತನ್ನ ಎದೆ ಮುಟ್ಟಿ ತೋರಿಸಿದಳು.

ಸಾಚಿಬಿಯಾ ಕಣ್ಣು ಮುಚ್ಚಿದಳು. ಕಿವುಡಿ ಕಣ್ಣು ಮುಚ್ಚಿದಳೆಂದರೆ ಬಾಗಿಲು ಹಾಕಿದಂತೆ, ಹೊರಗಿನಿಂದ ಎಷ್ಟು ಬಡಿದರೂ ಒಳಗೆ ಕೇಳಿಸುವುದಿಲ್ಲ.

ಒಬೆನೆವಾ ಹೊಲಿಗೆ ಯಂತ್ರ ಹೊತ್ತುಕೊಂಡು ಊರಿಗೇ ಬಂದಳು, ಗಂಡ ಅಕ್ರಾದಲ್ಲಿ ಉಳಿದ. ತಾಯಿಯನ್ನು ಮೀಯಿಸಿದಳು, ಹೊತ್ತು ಅಂಗಳಕ್ಕೆ ತಂದಳು. ಸಾಚಿಬಿಯಾ ಅವಳು ಕಲಸಿಟ್ಟಿದ್ದನ್ನು ಉಂಡಳು. ಆದರೆ ಮಗಳು ಕೈ ಎತ್ತಿದ ಕೂಡಲೇ ಕಣ್ಣು ಮುಚ್ಚುತ್ತಿದ್ದಳು. ಮೂರು ವರ್ಷ ಹೀಗೇ ಕಳೆಯಿತು. ಹಗಲಲ್ಲಿ ಒಬೆನೆವಾ ನೆರೆಮನೆಯ ಲಾರ್ಬಿಯ ಬಳಿ ಕೂತು ಒಂದೊಂದೇ ಸನ್ನೆ ಕಲಿತಳು. ಲಾರ್ಬಿಗೆ ಕಿವಿ ಕೇಳುತ್ತಿತ್ತು. ತನ್ನ ತಾಯಿಯ ಮಾತನ್ನು ಒಬೆನೆವಾ ಕಲಿತದ್ದು ಕಿವಿ ಕೇಳುವವನಿಂದ.

ಆ ಹೊತ್ತಿಗೆ ಇನ್ನೊಬ್ಬ ಬಿಳಿಯ ಬಂದ, ಎಳೆಯ ವಯಸ್ಸಿನವನು, ಕ್ಯಾಮೆರಾ ಹೊತ್ತುಕೊಂಡು. ಲಾರ್ಬಿ ಅವನನ್ನು ಸಾಚಿಬಿಯಾಳ ಅಂಗಳಕ್ಕೆ ಕರೆತಂದ.

"ಅಕ್ಕಾ, ನಮ್ಮ ಕೈಮಾತು ಬಹಳ ಅಪರೂಪದ್ದಂತೆ. ಚೆನ್ನಾಗಿ ಬಲ್ಲವರು ಇನ್ನು ಹನ್ನೊಂದು ಜನ ಅಷ್ಟೇ ಅಂತೆ. ಚಿತ್ರ ತೆಗೆದು ಇಡ್ತಾನಂತೆ."

"ಮೊದಲು ಬಂದವಳ ಕಡೆಯವರು ಇದು ಮಾತೇ ಅಲ್ಲ ಅಂದ್ರು. ಇವನು ಅಪರೂಪ ಅಂತಾನೆ. ಇಬ್ಬರೂ ಒಂದೇ ಊರಿನವರಾ ಕೇಳು."

ಹುಡುಗನ ಮುಖ ಕೆಂಪಾಯಿತು. ಅವರು ಬೇರೆ, ತಾನು ಬೇರೆ, ಆಗ ಅವರಿಗೆ ತಿಳಿದಿರಲಿಲ್ಲ ಎಂದ.

"ಬರೋಕೆ ಮುಂಚೆ ಒಂದು ಸಲ ಕೂತು ಮಾತಾಡ್ಕೋಬಾರದಿತ್ತಾ ಅವರವರೇ," ಎಂದಳು ಸಾಚಿಬಿಯಾ. ಲಾರ್ಬಿ ಅದನ್ನು ಹುಡುಗನಿಗೆ ಹೇಳದೆ ಕೆಮ್ಮಿದ.

ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ: ಕ್ಯಾಮೆರಾದ ಪಕ್ಕ ಮಗಳು ಕೂರಬೇಕು. ಎರಡು ದಿನ ಸೌದೆ, ಮಳೆ, ಬಿದ್ದು ಸತ್ತ ಗಂಡ, ಇವೆಲ್ಲದರ ಮಾತು ಹೇಳಿದಳು. ಮೂರನೆಯ ದಿನ ಕಾಲಿನ ಮಾತು ಎತ್ತಿದಳು. ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ.

"ನಾನು ಬೇಡ ಅಂತಿದ್ದೆ. ಎರಡು ಕಾಲಿಟ್ಕೊಂಡೇ ಸಾಯ್ತಿದ್ದೆ. ನನ್ನ ಕೇಳಬೇಕಿತ್ತು."

ಈ ಸಲ ಒಬೆನೆವಾಗೆ ಒಂದು ಸನ್ನೆಯೂ ತಪ್ಪದೆ ತಿಳಿಯಿತು. ಅವಳು ಕೈ ಎತ್ತಿದಳು. ಸಾಚಿಬಿಯಾ ಕಣ್ಣು ಮುಚ್ಚಲಿಲ್ಲ.

"ಕೇಳಿದೆ ಅವ್ವ. ನನ್ನ ಕೈಯಲ್ಲಿ ಮಾತಿರಲಿಲ್ಲ. ನನ್ನಿಂದ ತಪ್ಪಾಯ್ತು."

ತಾಯಿ ಕೊನೆಯವರೆಗೂ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ ಮಗಳ ಹೆಬ್ಬೆರಳನ್ನು ಹಿಡಿದು ಸ್ವಲ್ಪ ಒಳಕ್ಕೆ ಮಡಿಸಿದಳು. 'ತಪ್ಪು' ಎನ್ನುವುದಕ್ಕೆ ಬೆರಳು ಹಾಗೆ ಇರಬೇಕು. ಅಷ್ಟು ಮಾಡಿ ನೀರು ಕೇಳಿದಳು.

ಅದು ಕ್ಷಮೆಯೋ, ಬರೀ ತಿದ್ದುಪಡಿಯೋ ಒಬೆನೆವಾಗೆ ತಿಳಿಯಲಿಲ್ಲ. ಕೇಳೋಣವೆಂದು ಎಷ್ಟೋ ಸಲ ಹತ್ತಿರ ಹೋಗಿ ಕೂತಳು, ಕೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಇನ್ನೊಂದು ಕಾಲಿಗೂ ಕಪ್ಪು ಹತ್ತಿತು. ಈ ಬಾರಿ ಮಗಳು ಸರಿಯಾದ ಸನ್ನೆಯಲ್ಲಿ ಕೇಳಿದಳು. ಸಾಚಿಬಿಯಾ ಬೇಡವೆಂದಳು. ಒಬೆನೆವಾ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಒಂಬತ್ತನೆಯ ದಿನ ಅವ್ವನನ್ನು ಮಣ್ಣು ಮಾಡಿದರು.